ಜೆಟ್ ಎಂಜಿನ್‌ನ ಗರ್ಜನೆ ಹುಟ್ಟುವುದೆಲ್ಲಿ? ಶಬ್ದದ ಮೂಲವನ್ನು ಕಂಪ್ಯೂಟರಿನಲ್ಲಿ ಹುಡುಕುವ ಕತೆ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ‘ಧಡ್’ ಎಂಬ ಭಾರೀ ಸದ್ದು ಕೇಳಿಸಿತು. ಕಿಟಕಿಗಳು ಅದುರಿದವು. ಭೂಕಂಪವೇ, ಸ್ಫೋಟವೇ ಎಂದು ಜನ ಗಾಬರಿಯಾದರು. ಅದು ವಾಯುಪಡೆಯ ವಿಮಾನವೊಂದು ನಗರದಿಂದ ದೂರದಲ್ಲಿ, ಬಹಳ ಎತ್ತರದಲ್ಲಿ ನಡೆಸಿದ ಸೂಪರ್‌ಸಾನಿಕ್ ಪರೀಕ್ಷಾ ಹಾರಾಟದ ಸದ್ದು ಎಂದು ಅಂದು ಸಂಜೆ ರಕ್ಷಣಾ ಇಲಾಖೆ ತಿಳಿಸಿತು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನ ಉಂಟುಮಾಡುವ ಈ ಸದ್ದಿಗೆ ‘ಸಾನಿಕ್ ಬೂಮ್’ ಎಂದು ಹೆಸರು.

ಅಂದಿನಿಂದ ಯುದ್ಧವಿಮಾನದ ಯಾವುದೇ ದೊಡ್ಡ ಸದ್ದನ್ನೂ ‘ಸಾನಿಕ್ ಬೂಮ್’ ಎಂದು ಕರೆಯುವುದು ರೂಢಿಯಾಗಿದೆ. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ವಿಮಾನ ತಲೆಯ ಮೇಲೆ ಹಾದು ಹೋಗುವಾಗ ಎದೆ ನಡುಗಿಸುವ ಗರ್ಜನೆಯನ್ನೂ ಹಲವರು ಹಾಗೆಯೇ ಕರೆಯುತ್ತಾರೆ. ಇದು ತಪ್ಪು ಕಲ್ಪನೆ. ಪ್ರದರ್ಶನದಲ್ಲಿ ವಿಮಾನಗಳು ಸಾಮಾನ್ಯವಾಗಿ ಶಬ್ದದ ವೇಗಕ್ಕಿಂತ ಕಡಿಮೆ ವೇಗದಲ್ಲೇ ಹಾರುತ್ತವೆ. ಅಲ್ಲಿ ಕೇಳುವುದು ಬೂಮ್ ಅಲ್ಲ, ಎಂಜಿನ್‌ನ ಹಿಂಬದಿಯಿಂದ ನುಗ್ಗುವ ಬಿಸಿ ಅನಿಲದ ಧಾರೆಯ, ಅಂದರೆ ‘ಜೆಟ್’ನ ಸದ್ದು.

ಈ ಸದ್ದು ನಿಖರವಾಗಿ ಎಲ್ಲಿ, ಹೇಗೆ ಹುಟ್ಟುತ್ತದೆ? ಅದನ್ನು ಕಡಿಮೆ ಮಾಡಲು ಸಾಧ್ಯವೇ? ಎಪ್ಪತ್ತು ವರ್ಷಗಳಿಂದ ವಿಜ್ಞಾನಿಗಳು ಕೇಳುತ್ತಿರುವ ಪ್ರಶ್ನೆಗಳಿವು. ಉತ್ತರ ಹುಡುಕಲು ಜಗತ್ತಿನ ಅತಿ ದೊಡ್ಡ ಸೂಪರ್ ಕಂಪ್ಯೂಟರುಗಳೇ ಬೇಕಾಗಿವೆ. ಒಂದು ಸದ್ದನ್ನು ಲೆಕ್ಕ ಹಾಕುವುದು ಅಷ್ಟು ಕಷ್ಟವೇಕೆ ಎಂದು ನೋಡೋಣ.

ಬೂಮ್ ಬೇರೆ, ಗರ್ಜನೆ ಬೇರೆ

ಮೊದಲು ಈ ಎರಡನ್ನೂ ಬೇರ್ಪಡಿಸಿಕೊಳ್ಳೋಣ.

ಸಾನಿಕ್ ಬೂಮ್ ಹುಟ್ಟಲು ಇಡೀ ವಿಮಾನವೇ ಶಬ್ದಕ್ಕಿಂತ ವೇಗವಾಗಿ ಚಲಿಸಬೇಕು. ಆಗ ವಿಮಾನದ ದೇಹ ಗಾಳಿಯನ್ನು ತಳ್ಳುವುದರಿಂದ ಉಂಟಾಗುವ ಒತ್ತಡದ ಅಲೆಗಳು ಮುಂದೆ ಓಡಿಹೋಗಲಾರದೆ ಒಂದರ ಮೇಲೊಂದು ಪೇರಿಸಿಕೊಂಡು ‘ಆಘಾತ ತರಂಗ’ವಾಗುತ್ತವೆ. ಆ ತರಂಗ ನಮ್ಮನ್ನು ದಾಟಿ ಹೋಗುವ ಕ್ಷಣದಲ್ಲಿ ‘ಧಡ್’ ಎನ್ನುತ್ತದೆ. ವಿಮಾನ ಶಬ್ದದ ವೇಗವನ್ನು ದಾಟುವ ಒಂದೇ ಕ್ಷಣದಲ್ಲಿ ಬೂಮ್ ಹುಟ್ಟುತ್ತದೆ ಎಂಬುದೂ ತಪ್ಪು. ಆ ವೇಗದಲ್ಲಿ ಹಾರುವಷ್ಟು ಹೊತ್ತೂ ಅದು ವಿಮಾನದ ಜೊತೆಯಲ್ಲೇ ನೆಲದ ಮೇಲೆ ಸಾಗುತ್ತಿರುತ್ತದೆ. ನಾವು ಒಂದೇ ಕಡೆ ನಿಂತಿರುವುದರಿಂದ ನಮಗೆ ಒಮ್ಮೆ ಮಾತ್ರ ಕೇಳುತ್ತದೆ.

ಜೆಟ್‌ನ ಗರ್ಜನೆಗೆ ವಿಮಾನ ಚಲಿಸಲೇಬೇಕೆಂದಿಲ್ಲ. ರನ್‌ವೇ ಮೇಲೆ ನಿಂತ ಯುದ್ಧವಿಮಾನ ಎಂಜಿನ್ನನ್ನು ಪೂರ್ಣ ಶಕ್ತಿಗೆ ಏರಿಸಿದಾಗ, ವಿಮಾನದ ವೇಗ ಸೊನ್ನೆಯಾದರೂ ಹಿಂಬದಿಯ ಅನಿಲಧಾರೆ ಸೂಪರ್‌ಸಾನಿಕ್ ಆಗಿರುತ್ತದೆ. ರಾಕೆಟ್ ಉಡಾವಣೆಯಲ್ಲೂ ಹೀಗೆಯೇ. ರಾಕೆಟ್ ಇನ್ನೂ ನೆಲ ಬಿಟ್ಟಿರುವುದಿಲ್ಲ, ಅದರ ಜ್ವಾಲೆ ಮಾತ್ರ ಶಬ್ದದ ಹಲವು ಪಟ್ಟು ವೇಗದಲ್ಲಿ ನುಗ್ಗುತ್ತಿರುತ್ತದೆ.

ಇದರ ಚಿಕ್ಕ ರೂಪ ನಮ್ಮ ಪಕ್ಕದ ಗ್ಯಾರೇಜಿನಲ್ಲೇ ಇದೆ. ಟ್ಯಾಂಕಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು ಎರಡು ಪಟ್ಟಾದರೆ ಸಾಕು, ಕಿರಿದಾದ ಬಾಯಿಯಿಂದ ಹೊರಬರುವ ಗಾಳಿ ಶಬ್ದದ ವೇಗ ಮುಟ್ಟುತ್ತದೆ. ಗ್ಯಾರೇಜಿನ ಕಂಪ್ರೆಸರ್‌ನಲ್ಲಿ ಒತ್ತಡ ಇದಕ್ಕಿಂತ ಹೆಚ್ಚೇ ಇರುತ್ತದೆ. ಏರ್ ಗನ್ ಒತ್ತಿ ಧೂಳು ಹಾರಿಸುವಾಗ ಕಿವಿ ಕೊರೆಯುವ ‘ಸ್‌ಸ್‌ಸ್’ ಸದ್ದು ಜೆಟ್ ಎಂಜಿನ್‌ನ ಗರ್ಜನೆಯ ಹತ್ತಿರದ ಸಂಬಂಧಿ.

ಏನೂ ಅಲುಗದೆ ಸದ್ದು ಹೇಗೆ?

ತಬಲಾ ನುಡಿದರೆ ಚರ್ಮ ಕಂಪಿಸುತ್ತದೆ, ವೀಣೆ ಮೀಟಿದರೆ ತಂತಿ ಕಂಪಿಸುತ್ತದೆ. ಏರ್ ಗನ್ನಿನ ತುದಿಯಲ್ಲಿ ಕಂಪಿಸುವ ವಸ್ತು ಯಾವುದೂ ಇಲ್ಲ. ಹಾಗಿದ್ದರೆ ಸದ್ದು ಮಾಡುವವರು ಯಾರು?

ಗಾಳಿಯೇ. ಹಚ್ಚಿದ ಊದುಬತ್ತಿಯನ್ನು ಗಾಳಿಯಾಡದ ಕೋಣೆಯಲ್ಲಿಟ್ಟು ಗಮನಿಸಿ. ಹೊಗೆ ಸ್ವಲ್ಪ ದೂರ ನೇರ ಗೆರೆಯಂತೆ ಏರುತ್ತದೆ. ಆಮೇಲೆ ಅಲೆಯಾಗಿ ಬಳುಕಿ, ಸುರುಳಿ ಸುತ್ತಿ, ಕೊನೆಗೆ ಅಡ್ಡಾದಿಡ್ಡಿ ಚದುರಿಹೋಗುತ್ತದೆ. ಈ ಅಡ್ಡಾದಿಡ್ಡಿ ಹರಿವಿಗೆ ವಿಜ್ಞಾನದಲ್ಲಿ ‘ಟರ್ಬುಲೆನ್ಸ್’ ಅಥವಾ ಪ್ರಕ್ಷುಬ್ಧತೆ ಎನ್ನುತ್ತಾರೆ. ಜೆಟ್‌ನಲ್ಲಿ ಇದು ಅತಿ ಉಗ್ರವಾಗಿರುತ್ತದೆ. ವೇಗವಾಗಿ ನುಗ್ಗುವ ಬಿಸಿ ಧಾರೆ ಸುತ್ತಲಿನ ನಿಂತ ಗಾಳಿಗೆ ಉಜ್ಜಿದಲ್ಲಿ ಸುಳಿಗಳು ಹುಟ್ಟುತ್ತವೆ, ಬೆಳೆಯುತ್ತವೆ, ಒಂದನ್ನೊಂದು ನುಂಗುತ್ತವೆ, ಒಡೆಯುತ್ತವೆ. ಪ್ರತಿ ಸುಳಿಯೂ ಸುತ್ತಲಿನ ಗಾಳಿಯನ್ನು ಒಮ್ಮೆ ತಳ್ಳಿ ಒಮ್ಮೆ ಎಳೆಯುತ್ತದೆ. ಆ ತಳ್ಳಾಟದ ಒಂದು ಚಿಕ್ಕ ಪಾಲು ದೂರಕ್ಕೆ ಹರಡಿ ಶಬ್ದವಾಗುತ್ತದೆ.

ಆದ್ದರಿಂದ ಪೂರ್ಣ ಶಕ್ತಿಯಲ್ಲಿರುವ ಯುದ್ಧವಿಮಾನದ ಗರ್ಜನೆಯ ಬಹುಪಾಲು ಎಂಜಿನ್‌ನ ಒಳಗೆ ಹುಟ್ಟುವುದೇ ಇಲ್ಲ. ಅದು ಹುಟ್ಟುವುದು ಎಂಜಿನ್‌ನ ಹಿಂದೆ, ಬಯಲಿನಲ್ಲಿ, ನಾಜಲ್‌ನ ವ್ಯಾಸದ ಹತ್ತಿಪ್ಪತ್ತು ಪಟ್ಟು ದೂರದವರೆಗೆ ಚಾಚಿರುವ ಅನಿಲಧಾರೆಯಲ್ಲಿ. ಎಂಜಿನ್ ಸುತ್ತ ಶಬ್ದ ಹೀರುವ ಹೊದಿಕೆ ಸುತ್ತಿದರೆ ಸದ್ದು ಕಡಿಮೆಯಾಗದೇ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಸದ್ದಿನ ಮೂಲ ಹೊದಿಕೆಯ ಆಚೆಗಿದೆ.

ಎಂಟನೆಯ ಘಾತದ ನಿಯಮ

ಇದನ್ನು ಮೊದಲು ಗಣಿತದಲ್ಲಿ ಹಿಡಿದಿಟ್ಟವರು ಬ್ರಿಟನ್ನಿನ ಜೇಮ್ಸ್ ಲೈಟ್‌ಹಿಲ್. ಜೆಟ್ ವಿಮಾನಗಳು ಹೊಸದಾಗಿ ಬರುತ್ತಿದ್ದ ಕಾಲದಲ್ಲಿ, 1952ರಲ್ಲಿ, ಅವರು ಪ್ರಕಟಿಸಿದ ಪ್ರಬಂಧ ಈ ಇಡೀ ಶಾಸ್ತ್ರಕ್ಕೆ ಅಡಿಗಲ್ಲು. ಗಾಳಿಯ ಚಲನೆಯ ಸಮೀಕರಣಗಳನ್ನು ಅವರು ಜಾಣತನದಿಂದ ಬೇರೆ ರೀತಿಯಲ್ಲಿ ಜೋಡಿಸಿದರು. ಒಂದು ಬದಿಯಲ್ಲಿ ನಿಶ್ಚಲ ಗಾಳಿಯಲ್ಲಿ ಸಾಗುವ ಸಾಮಾನ್ಯ ಶಬ್ದ, ಇನ್ನೊಂದು ಬದಿಯಲ್ಲಿ ಆ ಶಬ್ದವನ್ನು ಹುಟ್ಟಿಸುವ ಸುಳಿಗಳ ಗದ್ದಲ.

ಇದರಿಂದ ಹೊರಬಂದ ಫಲಿತಾಂಶ ಅಚ್ಚರಿಯದು. ಶಬ್ದಕ್ಕಿಂತ ಕಡಿಮೆ ವೇಗದ ಜೆಟ್‌ನಿಂದ ಹೊರಡುವ ಶಬ್ದದ ಶಕ್ತಿ, ಜೆಟ್‌ನ ವೇಗದ ಎಂಟನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಜೆಟ್‌ನ ವೇಗ ಎರಡು ಪಟ್ಟಾದರೆ ಶಬ್ದದ ಶಕ್ತಿ 256 ಪಟ್ಟಾಗುತ್ತದೆ. ಡೆಸಿಬಲ್ ಲೆಕ್ಕದಲ್ಲಿ ಇದು 24 ಡೆಸಿಬಲ್ ಏರಿಕೆ.

ಪ್ರಯಾಣಿಕರ ವಿಮಾನಗಳು 1960ರ ದಶಕಕ್ಕಿಂತ ಈಗ ಎಷ್ಟೋ ಮೆಲ್ಲಗಿರುವುದಕ್ಕೆ ಮುಖ್ಯ ಕಾರಣ ಇಲ್ಲಿದೆ. ಒಂದಿಷ್ಟೇ ಗಾಳಿಯನ್ನು ಅತಿ ವೇಗವಾಗಿ ಎಸೆಯುವ ಬದಲು, ಬಹಳಷ್ಟು ಗಾಳಿಯನ್ನು ಕಡಿಮೆ ವೇಗದಲ್ಲಿ ತಳ್ಳಿದರೂ ಅಷ್ಟೇ ನೂಕುಬಲ ಸಿಗುತ್ತದೆ. ಅದಕ್ಕಾಗಿ ಎಂಜಿನ್‌ಗಳ ಮುಂದೆ ದೊಡ್ಡ ಫ್ಯಾನ್ ಬಂತು, ಎಂಜಿನ್‌ಗಳು ದಪ್ಪವಾದವು. ಇಂಧನ ಉಳಿತಾಯವೂ ಆಯಿತು, ಸದ್ದೂ ಇಳಿಯಿತು. ಯುದ್ಧವಿಮಾನಕ್ಕೆ ಈ ದಾರಿ ಇಲ್ಲ. ಸಪೂರ ದೇಹದೊಳಗೆ ಕೂರಬೇಕಾದ ಎಂಜಿನ್ ದಪ್ಪವಾಗುವಂತಿಲ್ಲ. ಅದು ವೇಗದ ಜೆಟ್ಟನ್ನೇ ನೆಚ್ಚಬೇಕು.

ಸೂಪರ್‌ಸಾನಿಕ್ ಜೆಟ್‌ನ ಮೂರು ದನಿಗಳು

ಜೆಟ್‌ನ ವೇಗ ಶಬ್ದದ ವೇಗ ದಾಟಿದಾಗ ಕತೆ ಇನ್ನಷ್ಟು ಜಟಿಲವಾಗುತ್ತದೆ. ಅದರಲ್ಲಿ ಮುಖ್ಯವಾಗಿ ಮೂರು ಬಗೆಯ ಸದ್ದುಗಳನ್ನು ಗುರುತಿಸುತ್ತಾರೆ.

ಮೊದಲನೆಯದು, ಬೆರೆಯುವಿಕೆಯ ಸದ್ದು. ಸುಳಿಗಳ ಗದ್ದಲದಿಂದ ಬರುವ ಗರ್ಜನೆ ಇದು. ಇಲ್ಲೊಂದು ವಿಶೇಷವಿದೆ. ಜೆಟ್‌ನ ವೇಗ ಸೆಕೆಂಡಿಗೆ 700 ಮೀಟರ್ ಎಂದುಕೊಳ್ಳಿ. ಅದರ ಅಂಚಿನ ದೊಡ್ಡ ಸುಳಿಗಳು ಸುಮಾರು ಮುಕ್ಕಾಲು ಪಾಲು ವೇಗದಲ್ಲಿ, ಅಂದರೆ ಸೆಕೆಂಡಿಗೆ 500 ಮೀಟರಿನಷ್ಟು ವೇಗದಲ್ಲಿ ಸಾಗುತ್ತವೆ. ಹೊರಗಿನ ಗಾಳಿಯಲ್ಲಿ ಶಬ್ದದ ವೇಗ ಸುಮಾರು 340 ಮೀಟರ್. ಆಗ ಒಂದೊಂದು ಸುಳಿಯೂ ಒಂದು ಪುಟ್ಟ ಸೂಪರ್‌ಸಾನಿಕ್ ವಿಮಾನದಂತೆ ತನ್ನದೇ ಅಲೆಯನ್ನು ಹೊರಡಿಸುತ್ತದೆ. ಇವುಗಳಿಗೆ ‘ಮಾಕ್ ಅಲೆ’ ಎಂದು ಹೆಸರು. ಇವು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದಿಲ್ಲ, ಹಿಂಬದಿಗೆ ಓರೆಯಾಗಿ ಹೋಗುತ್ತವೆ. ಮೇಲಿನ ಉದಾಹರಣೆಯಲ್ಲಿ ಜೆಟ್‌ನ ಅಕ್ಷಕ್ಕೆ ಸುಮಾರು 45 ಡಿಗ್ರಿ ಓರೆಯಲ್ಲಿ ಸದ್ದು ಅತಿ ಹೆಚ್ಚು. ವಿಮಾನ ನಮ್ಮನ್ನು ದಾಟಿ ಹೋದ ಮೇಲೇ ಗರ್ಜನೆ ಉತ್ತುಂಗಕ್ಕೇರುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು, ಆಘಾತ ತರಂಗಗಳ ಸದ್ದು. ನಾಜಲ್‌ನಿಂದ ಹೊರಬರುವ ಅನಿಲದ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸರಿಹೊಂದದಿದ್ದರೆ ಧಾರೆ ಹಿಗ್ಗುತ್ತದೆ, ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಹೀಗೆ ಸಾಲಾಗಿ ಆಘಾತ ತರಂಗಗಳ ಮನೆಗಳು ಏರ್ಪಡುತ್ತವೆ. ಆಫ್ಟರ್‌ಬರ್ನರ್ ಹಚ್ಚಿದ ಯುದ್ಧವಿಮಾನದ ಜ್ವಾಲೆಯಲ್ಲಿ ವಜ್ರದಾಕಾರದ ಹೊಳೆಯುವ ಸಾಲು ಕಾಣುತ್ತದಲ್ಲ, ಅದು ಇದೇ. ಸುಳಿಗಳು ಈ ಮನೆಗಳನ್ನು ದಾಟುವಾಗಲೆಲ್ಲ ಸದ್ದು ಚಿಮ್ಮುತ್ತದೆ.

ಮೂರನೆಯದು, ಕಿರುಚು. ಕೆಲವು ಸ್ಥಿತಿಗಳಲ್ಲಿ ಜೆಟ್ ಒಂದೇ ಶ್ರುತಿಯಲ್ಲಿ ಕಿರುಚತೊಡಗುತ್ತದೆ. ಇದರ ಗುಟ್ಟನ್ನು 1953ರಲ್ಲಿ ವಿವರಿಸಿದವರು ಅಲನ್ ಪೊವೆಲ್. ಸುಳಿಯೊಂದು ವಜ್ರದ ಸಾಲಿಗೆ ಬಡಿದು ಸದ್ದು ಮಾಡುತ್ತದೆ. ಆ ಸದ್ದು ಹೊರಗಿನ ಗಾಳಿಯ ಮೂಲಕ ಹಿಂದಕ್ಕೆ, ನಾಜಲ್‌ನ ತುಟಿಯವರೆಗೆ ಬರುತ್ತದೆ. ಅಲ್ಲಿ ಅದು ಧಾರೆಯನ್ನು ಅಲುಗಿಸಿ ಹೊಸ ಸುಳಿಯನ್ನು ಹುಟ್ಟಿಸುತ್ತದೆ. ಆ ಸುಳಿ ಮತ್ತೆ ವಜ್ರದ ಸಾಲಿಗೆ ಬಡಿಯುತ್ತದೆ. ಸಭಾಂಗಣದಲ್ಲಿ ಮೈಕನ್ನು ಸ್ಪೀಕರಿನ ಮುಂದೆ ಹಿಡಿದರೆ ‘ಕುಂಯ್’ ಎನ್ನುವುದೂ ಇಂಥದೇ ಸುತ್ತಿನಿಂದ. ಈ ಕಿರುಚು ಎಷ್ಟು ತೀವ್ರವಾಗಬಹುದೆಂದರೆ, ನಾಜಲ್ ಸುತ್ತಲಿನ ಲೋಹದ ಭಾಗಗಳು ಕಂಪಿಸಿ ಕಂಪಿಸಿ ಬಿರುಕು ಬಿಡಬಹುದು.

ಇದರ ಹೊರೆ ಯಾರ ಮೇಲೆ?

ಇದು ವಿಜ್ಞಾನಿಗಳ ಕುತೂಹಲಕ್ಕಷ್ಟೇ ಸಂಬಂಧಿಸಿದ್ದಲ್ಲ. ವಿಮಾನವಾಹಕ ನೌಕೆಯ ಹಡಗುಕಟ್ಟೆಯನ್ನು ನೆನಪಿಸಿಕೊಳ್ಳಿ. ಕಾರವಾರದ ನೌಕಾನೆಲೆಯನ್ನು ತಾಣವಾಗಿ ಹೊಂದಿರುವ ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ಮಿಗ್-29ಕೆ ವಿಮಾನಗಳು ಹಾರಿ ಇಳಿಯುತ್ತವೆ. ಇಂಥ ಯಾವುದೇ ನೌಕೆಯಲ್ಲಿ ವಿಮಾನ ಹೊರಡುವಾಗ ಸಿಬ್ಬಂದಿ ಜೆಟ್‌ನಿಂದ ಕೆಲವೇ ಮೀಟರ್ ದೂರದಲ್ಲಿ ನಿಂತು ಕೆಲಸ ಮಾಡಬೇಕು. ಅಲ್ಲಿ ಸದ್ದು 140 ಡೆಸಿಬಲ್ ದಾಟಬಹುದು.

ಕಿವಿಯ ಆರೋಗ್ಯದ ದೃಷ್ಟಿಯಿಂದ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರುವುದು ಮಿತಿ ಎಂದು ಪರಿಗಣಿಸುತ್ತಾರೆ. ಪ್ರತಿ 3 ಡೆಸಿಬಲ್ ಹೆಚ್ಚಳಕ್ಕೆ ಆ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. 115 ಡೆಸಿಬಲ್ ತಲುಪುವಷ್ಟರಲ್ಲಿ ಅರ್ಧ ನಿಮಿಷವೂ ಉಳಿದಿರುವುದಿಲ್ಲ. ಕಿವಿಯೊಳಗೆ ಇಯರ್‌ಪ್ಲಗ್, ಮೇಲೆ ಇಯರ್‌ಮಫ್ ಎರಡನ್ನೂ ಹಾಕಿದರೂ ಕಡಿಮೆಯಾಗುವುದು ಸುಮಾರು 30ರಿಂದ 40 ಡೆಸಿಬಲ್. ಅದಕ್ಕಿಂತ ಹೆಚ್ಚು ತಡೆಯುವುದು ಕಷ್ಟ, ಏಕೆಂದರೆ ಅಷ್ಟು ಹೊತ್ತಿಗೆ ಸದ್ದು ತಲೆಬುರುಡೆಯ ಮೂಳೆಗಳ ಮೂಲಕವೇ ಒಳಗಿವಿಗೆ ಇಳಿಯುತ್ತದೆ. ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ಮನುಷ್ಯರಲ್ಲಿ ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಕಿವಿಯನ್ನು ಮುಚ್ಚುವುದರ ಜೊತೆಗೆ ಸದ್ದನ್ನು ಅದು ಹುಟ್ಟುವಲ್ಲೇ ತಗ್ಗಿಸಬೇಕು. ಹಾಗೆ ತಗ್ಗಿಸಲು ಅದು ಹುಟ್ಟುವ ಬಗೆ ತಿಳಿಯಬೇಕು.

ಪ್ರಯೋಗ ಮಾಡಿಯೇ ನೋಡಬಹುದಲ್ಲ?

ಮಾಡುತ್ತಾರೆ. ಪ್ರತಿಧ್ವನಿ ಬರದಂತೆ ಗೋಡೆಗಳಿಗೆಲ್ಲ ಬೆಣೆಯಾಕಾರದ ಫೋಮ್ ಹೊದಿಸಿದ ಕೋಣೆಗಳಲ್ಲಿ ಸಣ್ಣ ನಾಜಲ್‌ಗಳನ್ನಿಟ್ಟು, ಸುತ್ತ ಮೈಕ್ರೊಫೋನ್‌ಗಳನ್ನು ಜೋಡಿಸಿ ಅಳೆಯುತ್ತಾರೆ. ಆದರೆ ಮೈಕ್ರೊಫೋನ್ ಎಷ್ಟು ಸದ್ದು ಬಂತು ಎಂದು ಹೇಳುತ್ತದೆಯೇ ಹೊರತು ಯಾವ ಸುಳಿಯಿಂದ ಬಂತು ಎಂದು ಹೇಳುವುದಿಲ್ಲ. ಧಾರೆಯೊಳಗೇ ಅಳತೆಯ ಉಪಕರಣ ತೂರಿಸಿದರೆ ಅದು ಬಿಸಿಗೆ ಕರಗಬಹುದು. ಕರಗದಿದ್ದರೂ ತಾನೇ ಹೊಸ ಆಘಾತ ತರಂಗ ಎಬ್ಬಿಸಿ ಹರಿವನ್ನು ಕೆಡಿಸುತ್ತದೆ. ನಿಜವಾದ ಎಂಜಿನ್ನನ್ನು ಓಡಿಸಿ, ಪ್ರತಿ ಹೊಸ ವಿನ್ಯಾಸಕ್ಕೂ ಹೊಸ ನಾಜಲ್ ತಯಾರಿಸಿ ಪರೀಕ್ಷಿಸುವುದಂತೂ ಭಾರೀ ವೆಚ್ಚದ ಕೆಲಸ.

ಕಂಪ್ಯೂಟರಿನೊಳಗೆ ಒಂದು ಜೆಟ್ ಕಟ್ಟಿಕೊಂಡರೆ ಅದರ ಪ್ರತಿ ಬಿಂದುವಿನಲ್ಲಿ, ಪ್ರತಿ ಕ್ಷಣದಲ್ಲಿ ಒತ್ತಡ, ವೇಗ, ತಾಪಮಾನ ಎಷ್ಟೆಂದು ನೋಡಬಹುದು. ಇದಕ್ಕೆ ಬೇಕಾದ ನಿಯಮಗಳು ನಮಗೆ ಗೊತ್ತು. 19ನೇ ಶತಮಾನದಲ್ಲೇ ರೂಪುಗೊಂಡ ನೇವಿಯರ್–ಸ್ಟೋಕ್ಸ್ ಸಮೀಕರಣಗಳು ಗಾಳಿ, ನೀರುಗಳ ಚಲನೆಯನ್ನು ವಿವರಿಸುತ್ತವೆ. ತೊಂದರೆ ಇರುವುದು ಅವುಗಳನ್ನು ಬಿಡಿಸುವುದರಲ್ಲಿ.

ಜೆಟ್ಟನ್ನು ಚೂರು ಚೂರು ಮಾಡುವುದು

ಕಂಪ್ಯೂಟರಿಗೆ ಹರಿವಿನ ಅಖಂಡತೆ ತಿಳಿಯದು. ಹಾಗಾಗಿ ಜೆಟ್ ಮತ್ತು ಸುತ್ತಲಿನ ಜಾಗವನ್ನು ಪುಟ್ಟ ಪುಟ್ಟ ಕೋಶಗಳಾಗಿ ವಿಂಗಡಿಸುತ್ತಾರೆ. ಪ್ರತಿ ಕೋಶದ ಗಾಳಿ ಪಕ್ಕದ ಕೋಶಗಳಿಗೆ ಎಷ್ಟು ರಾಶಿ, ಎಷ್ಟು ವೇಗ, ಎಷ್ಟು ಶಾಖ ಕೊಡುತ್ತದೆ ಎಂದು ಲೆಕ್ಕ ಹಾಕಿ, ಕಾಲದಲ್ಲಿ ಒಂದು ಪುಟ್ಟ ಹೆಜ್ಜೆ ಮುಂದಿಡುತ್ತಾರೆ. ಮತ್ತೆ ಲೆಕ್ಕ, ಮತ್ತೊಂದು ಹೆಜ್ಜೆ. ಇದೇ ಸಿಮ್ಯುಲೇಶನ್.

ಕೋಶ ಎಷ್ಟು ಚಿಕ್ಕದಿರಬೇಕು? ಅತಿ ಚಿಕ್ಕ ಸುಳಿಯೂ ಕಾಣುವಷ್ಟು. ದೊಡ್ಡ ಸುಳಿ ಒಡೆದು ಚಿಕ್ಕದಾಗಿ, ಅದು ಒಡೆದು ಇನ್ನೂ ಚಿಕ್ಕದಾಗಿ, ಕೊನೆಗೆ ಗಾಳಿಯ ಸ್ನಿಗ್ಧತೆ ಅದನ್ನು ಶಾಖವಾಗಿ ಕರಗಿಸುವವರೆಗೂ ಈ ಸರಣಿ ಸಾಗುತ್ತದೆ. ರಷ್ಯಾದ ಗಣಿತಜ್ಞ ಆಂದ್ರೇ ಕೊಲ್ಮೊಗೊರೊವ್ 1941ರಲ್ಲಿ ಕೊಟ್ಟ ಸಿದ್ಧಾಂತದಿಂದ ಆ ಕೊನೆಯ ಸುಳಿಯ ಅಳತೆಯನ್ನು ಅಂದಾಜು ಮಾಡಬಹುದು. ನಿಜವಾದ ಎಂಜಿನ್‌ನ ಜೆಟ್‌ಗೆ ಆ ಲೆಕ್ಕ ಹಾಕಿದರೆ 30 ಲಕ್ಷ ಕೋಟಿಯಷ್ಟು ಅಥವಾ ಅದಕ್ಕೂ ಹೆಚ್ಚು ಕೋಶಗಳು ಬೇಕಾಗುತ್ತವೆ. ಕೋಶದ ಅಳತೆಯನ್ನು ಅರ್ಧಕ್ಕಿಳಿಸಿದರೆ ಉದ್ದ, ಅಗಲ, ಎತ್ತರ ಸೇರಿ ಕೋಶಗಳು 8 ಪಟ್ಟಾಗುತ್ತವೆ. ಕೋಶ ಚಿಕ್ಕದಾದಷ್ಟೂ ಕಾಲದ ಹೆಜ್ಜೆಯೂ ಚಿಕ್ಕದಾಗಬೇಕು. ಹೀಗೆ ಒಟ್ಟು ಕೆಲಸ 16 ಪಟ್ಟಾಗುತ್ತದೆ.

ಆದ್ದರಿಂದ ಎಲ್ಲ ಸುಳಿಗಳನ್ನೂ ಹಿಡಿಯುವ ‘ನೇರ ಸಿಮ್ಯುಲೇಶನ್’ ಈವರೆಗೆ ಚಿಕ್ಕ, ಪ್ರಯೋಗಾಲಯದ ಅಳತೆಯ ಜೆಟ್‌ಗಳಿಗಷ್ಟೇ ಸಾಧ್ಯವಾಗಿದೆ. ಇನ್ನೊಂದು ತುದಿಯಲ್ಲಿ, ಸುಳಿಗಳನ್ನೆಲ್ಲ ಸರಾಸರಿ ಮಾಡಿ ಬಿಡುವ ಅಗ್ಗದ ವಿಧಾನವಿದೆ. ನೂಕುಬಲ ಲೆಕ್ಕ ಹಾಕಲು ಅದು ಸಾಕು. ಸದ್ದಿನ ಲೆಕ್ಕಕ್ಕೆ ಅದೊಂದೇ ಸಾಲದು, ಏಕೆಂದರೆ ಸದ್ದು ಹುಟ್ಟುವುದೇ ಏರಿಳಿತದಿಂದ. ಸರಾಸರಿ ಮಾಡಿದರೆ ಏರಿಳಿತವೇ ಅಳಿಸಿಹೋಗುತ್ತದೆ.

ಇವೆರಡರ ನಡುವಿನ ದಾರಿಗೆ ‘ಲಾರ್ಜ್ ಎಡ್ಡಿ ಸಿಮ್ಯುಲೇಶನ್’ ಎಂದು ಹೆಸರು, ಅಂದರೆ ದೊಡ್ಡ ಸುಳಿಗಳ ಸಿಮ್ಯುಲೇಶನ್. ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕ ಹಾಕಿ, ಕೋಶಕ್ಕಿಂತ ಚಿಕ್ಕ ಸುಳಿಗಳ ಪ್ರಭಾವವನ್ನು ಸೂತ್ರವೊಂದರಿಂದ ಅಂದಾಜು ಮಾಡುವುದು ಇದರ ತಂತ್ರ. ಇದರ ಬೇರು ಇರುವುದು ಹವಾಮಾನ ಶಾಸ್ತ್ರದಲ್ಲಿ. ವಾತಾವರಣದ ಸಿಮ್ಯುಲೇಶನ್‌ಗಾಗಿ ಅಮೆರಿಕದ ಜೋಸೆಫ್ ಸ್ಮಾಗೊರಿನ್ಸ್ಕಿ 1963ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಜೆಟ್‌ನ ಸದ್ದಿನ ಪ್ರಬಲ ಭಾಗ ದೊಡ್ಡ ಸುಳಿಗಳಿಂದಲೇ ಬರುವುದರಿಂದ ಈ ವಿಧಾನ ಇಲ್ಲಿ ಚೆನ್ನಾಗಿ ಒಗ್ಗುತ್ತದೆ.

ಸದ್ದನ್ನು ಹಿಡಿಯುವುದೇ ನಿಜವಾದ ಕಷ್ಟ

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಸದ್ದಿನ ಲೆಕ್ಕದಲ್ಲಿ ನಾಲ್ಕು ತೊಡಕುಗಳಿವೆ.

ಒಂದು, ಸದ್ದು ಬಹಳ ಸಣ್ಣದು. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1 ಲಕ್ಷ ಪ್ಯಾಸ್ಕಲ್. ಕಿವಿಗೆ ತೊಂದರೆ ಕೊಡಬಲ್ಲ 94 ಡೆಸಿಬಲ್ ಸದ್ದಿನಲ್ಲಿ ಒತ್ತಡ ಏರಿಳಿಯುವುದು ಕೇವಲ 1 ಪ್ಯಾಸ್ಕಲಿನಷ್ಟು, ಅಂದರೆ ಲಕ್ಷದಲ್ಲಿ ಒಂದು ಪಾಲು. 140 ಡೆಸಿಬಲಿನ ಭೀಕರ ಸದ್ದಿನಲ್ಲೂ ಅದು ಸುಮಾರು 200 ಪ್ಯಾಸ್ಕಲ್. ಉಗ್ರ ಜೆಟ್‌ಗಳಲ್ಲೂ ಧಾರೆಯ ಶಕ್ತಿಯಲ್ಲಿ ಸದ್ದಾಗುವುದು ಶೇಕಡಾ 1ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಲೆಕ್ಕದಲ್ಲಿ ಸಣ್ಣ ತಪ್ಪು ನುಸುಳಿದರೂ ಆ ತಪ್ಪು ಸದ್ದಿಗಿಂತ ದೊಡ್ಡದಾಗಿರುತ್ತದೆ. ಜಾತ್ರೆಯ ಗದ್ದಲದಲ್ಲಿ ಒಬ್ಬರ ಪಿಸುಮಾತನ್ನು ಬರೆದುಕೊಳ್ಳಲು ಹೊರಟಂತೆ.

ಎರಡು, ವಿರುದ್ಧ ಬೇಡಿಕೆಗಳು. ಆಘಾತ ತರಂಗದಲ್ಲಿ ಒತ್ತಡ ಗೋಡೆಯಂತೆ ಒಮ್ಮೆಲೇ ಜಿಗಿಯುತ್ತದೆ. ಅಲ್ಲಿ ಲೆಕ್ಕ ಹುಚ್ಚೆದ್ದು ಕುಣಿಯದಂತೆ ಸ್ವಲ್ಪ ಕೃತಕ ಜಿಗುಟುತನ ಸೇರಿಸಬೇಕಾಗುತ್ತದೆ. ಆದರೆ ಅದೇ ಜಿಗುಟುತನ ಸೂಕ್ಷ್ಮ ಶಬ್ದದ ಅಲೆಗಳನ್ನೂ ಒರೆಸಿಹಾಕುತ್ತದೆ. ಆದ್ದರಿಂದ ಆಘಾತ ತರಂಗ ಇರುವಲ್ಲಿ ಮಾತ್ರ ಅದನ್ನು ಸೇರಿಸಿ, ಉಳಿದೆಡೆ ಬಿಟ್ಟುಬಿಡುವ ಸೂಕ್ಷ್ಮ ಸೂತ್ರಗಳು ಬೇಕು. ಶಬ್ದದ ಅಲೆ ದೂರ ಸಾಗುವಾಗ ಸವೆಯದಂತೆ, ಚದುರದಂತೆ ಕಾಪಾಡುವ ಗಣಿತ ವಿಧಾನಗಳು 1990ರ ದಶಕದಲ್ಲಿ ಬೆಳೆದವು.

ಮೂರು, ಅಂಚಿನ ಸಮಸ್ಯೆ. ನಿಜವಾದ ಜೆಟ್ ಬಯಲಿನಲ್ಲಿರುತ್ತದೆ, ಕಂಪ್ಯೂಟರಿನ ಜೆಟ್ ಒಂದು ಪೆಟ್ಟಿಗೆಯೊಳಗಿರುತ್ತದೆ. ಸದ್ದು ಪೆಟ್ಟಿಗೆಯ ಅಂಚಿಗೆ ಬಡಿದು ಹಿಂದಿರುಗಿದರೆ ಗೋಳಗುಮ್ಮಟದೊಳಗೆ ಕೂಗಿದಂತಾಗುತ್ತದೆ. ಅದಕ್ಕಾಗಿ ಅಂಚಿನಲ್ಲಿ ಅಲೆಗಳನ್ನು ಮೆಲ್ಲನೆ ಹೀರಿಕೊಳ್ಳುವ ‘ಸ್ಪಂಜಿನ ಪದರ’ವನ್ನು ಗಣಿತದಲ್ಲೇ ಕಟ್ಟುತ್ತಾರೆ.

ನಾಲ್ಕು, ದೂರ. ಕೇಳುಗ ನೂರಾರು ಮೀಟರ್ ಆಚೆಗಿರುತ್ತಾನೆ. ಅಲ್ಲಿಯವರೆಗೂ ಕೋಶಗಳನ್ನು ತುಂಬಲು ಸಾಧ್ಯವಿಲ್ಲ. ಇದಕ್ಕೆ ಫೌಕ್ಸ್ ವಿಲಿಯಮ್ಸ್ ಮತ್ತು ಹಾಕಿಂಗ್ಸ್ 1969ರಲ್ಲಿ ಕೊಟ್ಟ ಸಮೀಕರಣ ನೆರವಾಗುತ್ತದೆ. ಜೆಟ್ ಸುತ್ತ ಒಂದು ಕಾಲ್ಪನಿಕ ಕೊಳವೆ ಹೊದಿಸಿ, ಅದರ ಮೇಲಿನ ಒತ್ತಡ, ವೇಗಗಳನ್ನು ದಾಖಲಿಸಿದರೆ, ದೂರದಲ್ಲಿ ಏನು ಕೇಳುತ್ತದೆ ಎಂಬುದನ್ನು ಸೂತ್ರದಿಂದಲೇ ತೆಗೆಯಬಹುದು.

10 ಲಕ್ಷ ಮಿದುಳುಗಳ ಪಂಕ್ತಿ

ಇಷ್ಟೆಲ್ಲ ಸೇರಿದ ಲೆಕ್ಕವನ್ನು ಒಂದು ಕಂಪ್ಯೂಟರ್ ಮಾಡಲಾರದು. ಹೊಲವನ್ನು ಪಾಲು ಮಾಡಿದಂತೆ ಕೋಶಗಳನ್ನು ಸಾವಿರಾರು ಪ್ರೊಸೆಸರ್ ಕೋರ್‌ಗಳಿಗೆ ಹಂಚುತ್ತಾರೆ. ಪ್ರತಿ ಕೋರ್ ತನ್ನ ಪಾಲಿನ ಲೆಕ್ಕ ಮಾಡಿ, ಗಡಿಯ ಸುದ್ದಿಯನ್ನು ನೆರೆಯವರಿಗೆ ತಿಳಿಸಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯದೆ ಮುಂದಿನ ಪಂಕ್ತಿ ಕೂರುವಂತಿಲ್ಲ. ಹಾಗೆಯೇ ಇಲ್ಲಿ ಎಲ್ಲ ಕೋರ್‌ಗಳೂ ಮುಗಿಸದೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಒಂದು ಕೋರ್ ತಡಮಾಡಿದರೆ ಉಳಿದವೆಲ್ಲ ಕೈಕಟ್ಟಿ ಕೂರುತ್ತವೆ. ಕೋರ್‌ಗಳು ಹೆಚ್ಚಿದಷ್ಟೂ ಈ ಕಾಯುವಿಕೆಯ ಅಪಾಯವೂ ಹೆಚ್ಚು.

2013ರ ಜನವರಿಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟರ್ಬುಲೆನ್ಸ್ ಸಂಶೋಧನಾ ಕೇಂದ್ರ ಒಂದು ದಾಖಲೆಯನ್ನು ಪ್ರಕಟಿಸಿತು. ಅಲ್ಲಿನ ಸಂಶೋಧಕ ಜೋಸೆಫ್ ನಿಕೋಲ್ಸ್ ಸೂಪರ್‌ಸಾನಿಕ್ ಜೆಟ್‌ನ ಸದ್ದಿನ ಸಿಮ್ಯುಲೇಶನ್ನನ್ನು 10 ಲಕ್ಷಕ್ಕೂ ಹೆಚ್ಚು ಕೋರ್‌ಗಳ ಮೇಲೆ ಒಟ್ಟಿಗೆ ಓಡಿಸಿದ್ದರು. ಬಳಸಿದ ಯಂತ್ರ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದ ‘ಸಿಕೋಯಾ’. ಅದರಲ್ಲಿದ್ದ ಒಟ್ಟು ಕೋರ್‌ಗಳು 15,72,864. 2012ರ ಜೂನ್‌ನಲ್ಲಿ ಅದು ಜಗತ್ತಿನ ಅತಿ ವೇಗದ ಕಂಪ್ಯೂಟರ್ ಎನಿಸಿಕೊಂಡಿತ್ತು. ಪರಮಾಣು ಅಸ್ತ್ರಗಳ ಸ್ಥಿತಿಗತಿಯ ಲೆಕ್ಕಕ್ಕೆಂದು ಕಟ್ಟಿದ ಆ ಯಂತ್ರ ಒಂದಿಷ್ಟು ಕಾಲ ಜೆಟ್‌ನ ಸುಳಿಗಳನ್ನೂ ಲೆಕ್ಕ ಹಾಕಿತು.

ನಮ್ಮಲ್ಲೂ ಈ ದಾರಿಯ ಆರಂಭ ಹರಿವಿನ ಲೆಕ್ಕದಿಂದಲೇ ಆಯಿತು ಎಂಬುದು ನೆನಪಿಡಬೇಕಾದ ಸಂಗತಿ. 1986ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರ್ ಸಿದ್ಧವಾಯಿತು. ಹರಿವನ್ನು ಬಿಡಿಸುವುದು ಎಂಬುದೇ ಆ ಹೆಸರಿನ ಅರ್ಥ. ಆಗ ಆ ಪ್ರಯೋಗಾಲಯದ ನಿರ್ದೇಶಕರಾಗಿದ್ದ ರೊದ್ದಂ ನರಸಿಂಹ ಅವರು ಸ್ವತಃ ಟರ್ಬುಲೆನ್ಸ್ ಕುರಿತ ಸಂಶೋಧನೆಗೆ ಹೆಸರಾದವರು.

ಲೆಕ್ಕದಿಂದ ಲಾಭವೇನಾಯಿತು?

ಬೋಯಿಂಗ್ 787 ವಿಮಾನದ ಎಂಜಿನ್‌ನ ಹಿಂಬದಿಯನ್ನು ಗಮನಿಸಿದ್ದೀರಾ? ಅಂಚು ದುಂಡಗಿರದೆ ಗರಗಸದ ಹಲ್ಲಿನಂತೆ ಇರುತ್ತದೆ. ಈ ಹಲ್ಲುಗಳಿಗೆ ‘ಶೆವ್ರಾನ್’ ಎನ್ನುತ್ತಾರೆ. ಹೊರ ಗಾಳಿ ಮತ್ತು ಧಾರೆ ಬೇಗ, ಹದವಾಗಿ ಬೆರೆಯುವಂತೆ ಮಾಡಿ ಇವು ದೊಡ್ಡ ಸುಳಿಗಳ ಅಬ್ಬರ ಮುರಿಯುತ್ತವೆ. ಆದರೆ ಹಲ್ಲುಗಳ ಬಾಗು ಹೆಚ್ಚಾದರೆ ನೂಕುಬಲ ನಷ್ಟವಾಗುತ್ತದೆ, ಕೀರಲು ಸದ್ದು ಹೆಚ್ಚುತ್ತದೆ. ಎಷ್ಟು ಹಲ್ಲು, ಎಷ್ಟು ಬಾಗು ಎಂಬ ಹದ ಹುಡುಕಲು ಪ್ರಯೋಗದ ಜೊತೆ ಸಿಮ್ಯುಲೇಶನ್ ಕೈಜೋಡಿಸುತ್ತದೆ. ಯುದ್ಧವಿಮಾನಗಳ ನಾಜಲ್‌ಗೂ ಇಂಥ ಹಲ್ಲುಗಳನ್ನು ಅಳವಡಿಸಿ ನೋಡುವ ಕೆಲಸ ಅಮೆರಿಕದಲ್ಲಿ ನಡೆದಿದೆ. ಅದರಲ್ಲಿ ಬಳಸಿದ ಎಫ್404 ಎಂಜಿನ್‌ನ ಒಂದು ರೂಪವೇ ನಮ್ಮ ತೇಜಸ್ ವಿಮಾನವನ್ನೂ ಹಾರಿಸುತ್ತಿದೆ.

ಹಾಗೆಂದು ಕಂಪ್ಯೂಟರ್ ಎಲ್ಲವನ್ನೂ ಬಗೆಹರಿಸಿದೆ ಎಂದಲ್ಲ. ಒಳ್ಳೆಯ ಸಿಮ್ಯುಲೇಶನ್‌ಗಳು ಪ್ರಯೋಗದ ಅಳತೆಗೆ ಒಂದೆರಡು ಡೆಸಿಬಲ್ ಅಂತರದಲ್ಲಿ ಬರುತ್ತವೆ. ಆದರೆ ಅಷ್ಟೆಲ್ಲ ದುಡಿದ ಮೇಲೂ ಕಂಪ್ಯೂಟರಿನೊಳಗಿನ ಜೆಟ್ ಹರಿದಿರುವುದು ಸಾಮಾನ್ಯವಾಗಿ ಒಂದು ಸೆಕೆಂಡಿಗೂ ಕಡಿಮೆ ಕಾಲ. ನಾಜಲ್‌ನ ಒಳಗೋಡೆಗೆ ಅಂಟಿಕೊಂಡ ಗಾಳಿಯ ತೆಳು ಪದರ ಹೇಗಿದೆ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ, ಆ ಪದರಕ್ಕೆ ಬೇಕಾಗುವ ಕೋಶಗಳು ಅತಿ ಚಿಕ್ಕವು. ಜೊತೆಗೆ ಸದ್ದು ಅಂಚಿಗೆ ಬಡಿದು ಹಿಂದಿರುಗಿ ಸುಳ್ಳು ಕಿರುಚು ಹುಟ್ಟಿಸಿದರೆ, ಅದು ನಿಜವೋ ಲೆಕ್ಕದ ದೋಷವೋ ಎಂದು ತಿಳಿಯಲು ಮತ್ತೆ ಪ್ರಯೋಗದ ಮೈಕ್ರೊಫೋನ್‌ಗಳ ಮೊರೆ ಹೋಗಬೇಕು. ಸಿಮ್ಯುಲೇಶನ್ ಪ್ರಯೋಗಕ್ಕೆ ಬದಲಿಯಲ್ಲ, ಅದರ ಜೊತೆಗಾರ.

ಯಂತ್ರಗಳಂತೂ ಬೆಳೆಯುತ್ತಿವೆ. 2022ರಲ್ಲಿ ಮೊದಲ ಸ್ಥಾನಕ್ಕೇರಿದ ‘ಫ್ರಾಂಟಿಯರ್’ ಸಿಕೋಯಾಕ್ಕಿಂತ 60 ಪಟ್ಟಿಗೂ ಹೆಚ್ಚು ವೇಗದ್ದು. ಅಷ್ಟಾದರೂ, ಕೋಶದ ಅಳತೆ ಅರ್ಧವಾದರೆ ಕೆಲಸ 16 ಪಟ್ಟು ಎಂಬ ಲೆಕ್ಕ ನೆನಪಿದೆಯಲ್ಲ? 60 ಪಟ್ಟು ವೇಗ ಬಂದರೂ ಕೋಶದ ಅಳತೆಯನ್ನು ಮೂರನೇ ಒಂದು ಭಾಗಕ್ಕೂ ಇಳಿಸಲಾಗದು. ಬರೀ ಯಂತ್ರದ ಬಲದಿಂದ ಈ ಸಮಸ್ಯೆ ಮುಗಿಯುವುದಿಲ್ಲ, ಜಾಣ ಗಣಿತವೂ ಬೇಕು.

ನಾವು ತಿಳಿದಿರಬೇಕಾದ್ದು

ಜೆಟ್‌ನ ಸದ್ದನ್ನು ಅದರ ಮೂಲದಲ್ಲೇ ತಗ್ಗಿಸುವ ಕೆಲಸ ವಿಜ್ಞಾನಿಗಳದ್ದು. ಕಿವಿಯನ್ನು ಕಾಪಾಡಿಕೊಳ್ಳುವುದು ನಮ್ಮದು. ವೈಮಾನಿಕ ಪ್ರದರ್ಶನಕ್ಕೆ ಹೋಗುವಾಗ ಇಯರ್‌ಪ್ಲಗ್ ಒಯ್ಯಿರಿ. ಮಕ್ಕಳಿಗೆ ಅವರ ಅಳತೆಯ ಇಯರ್‌ಮಫ್ ಹಾಕಿ. ಕಿವಿಗೆ ಹತ್ತಿ ತುರುಕಿಕೊಳ್ಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಸದ್ದು ಕೇಳಿದ ಮೇಲೆ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ ಅಥವಾ ಮಾತು ಮಂದವಾಗಿ ಕೇಳಿದರೆ, ಅದು ಒಳಗಿವಿಗೆ ಪೆಟ್ಟು ಬಿದ್ದಿರುವ ಸೂಚನೆ. ಮರುದಿನವೂ ಹಾಗೆಯೇ ಇದ್ದರೆ ವೈದ್ಯರನ್ನು ಕಾಣಬೇಕು.

ಇನ್ನು, ದಿನವಿಡೀ ಏರ್ ಗನ್ ಹಿಡಿದು ಕೆಲಸ ಮಾಡುವ ಗ್ಯಾರೇಜು, ವರ್ಕ್‌ಶಾಪುಗಳ ಹುಡುಗರಿಗೆ ಯುದ್ಧವಿಮಾನದ ಪಕ್ಕ ನಿಲ್ಲುವ ಪ್ರಸಂಗ ಬರುವುದಿಲ್ಲ ನಿಜ. ಆದರೆ ಅವರ ಕೈಯಲ್ಲಿರುವುದೂ ಒಂದು ಪುಟ್ಟ ಜೆಟ್ಟೇ, ಅದೂ ದಿನಕ್ಕೆ ಎಂಟು ಗಂಟೆ ಕಿವಿಯ ಹತ್ತಿರವೇ. ಇಯರ್‌ಪ್ಲಗ್ ಅತಿ ಹೆಚ್ಚು ಬೇಕಿರುವವರು ಅವರೂ ಹೌದು.